ಸ್ಕೂಬಾ ಡೈವಿಂಗ್ ಶುರು ಮಾಡಬೇಕು. ಮೊದಲು ಯಾವ ಗೇರ್ ಕೊಳ್ಳಲಿ? ಡೈವಿಂಗ್ ಕಲಿಸಿ ಕಾರ್ಡ್ ಕೊಡುವ ಸಂಸ್ಥೆಗಳಲ್ಲಿ ಪ್ಯಾಡಿ ಒಳ್ಳೆಯದಾ, ಎಸ್‌ಎಸ್‌ಐ ಒಳ್ಳೆಯದಾ? ಸ್ವಲ್ಪ ನೆಗಡಿ ಇದೆ, ಪರವಾಗಿಲ್ಲ ಅಲ್ವಾ?

ಎರಡನ್ನೂ ಸದ್ಯ ಪಕ್ಕಕ್ಕಿಡಿ. ಪ್ರಶ್ನೆಯ ಕೊನೆಯಲ್ಲಿ 'ಸ್ವಲ್ಪ ನೆಗಡಿ ಇದೆ, ಪರವಾಗಿಲ್ಲ ಅಲ್ವಾ' ಅಂತ ಬರೆದಿದ್ದೀರಲ್ಲ, ಉತ್ತರ ಬೇಕಾಗಿರುವುದು ಅದಕ್ಕೆ. ಪರವಾಗಿಲ್ಲ ಅನ್ನುವ ಹಾಗಿಲ್ಲ. ಕೋರ್ಸ್ ದಿನಾಂಕ ಮುಂದಕ್ಕೆ ಹಾಕಿಸಿ.

ನಾನೂ ನೆಗಡಿ ಇಟ್ಟುಕೊಂಡೇ ಹೋಗಿದ್ದೆ. ದುಡ್ಡು ಕಟ್ಟಾಗಿತ್ತು, ರಜೆ ಸಿಕ್ಕಿತ್ತು. ಮೂಗು ಬಿಡುವ ಮಾತ್ರೆ ನುಂಗಿದೆ. ಇನ್‌ಸ್ಟ್ರಕ್ಟರ್‌ಗೆ ಹೇಳಲಿಲ್ಲ. ಹಗ್ಗ ಹಿಡಿದು ಇಳಿಯುವಾಗ ಎರಡು-ಮೂರು ಮೀಟರ್‌ಗೇ ಬಲಗಿವಿ ಒತ್ತತೊಡಗಿತು. ಉಳಿದವರು ಆಗಲೇ ಕೆಳಗೆ ಮರಳಿನ ಮೇಲೆ ಮಂಡಿಯೂರಿ ಕೂತಿದ್ದರು. ಅವರನ್ನು ಕಾಯಿಸಬಾರದು ಅಂತ ನೋವು ತಡೆದುಕೊಂಡು ಇನ್ನೂ ಇಳಿದೆ. ಆಮೇಲೆ ಮೂಗು ಹಿಡಿದು ಜೋರಾಗಿ ಊದಿದೆ. ಕಿವಿ ಬಿಡಲಿಲ್ಲ. ಇನ್ನೂ ಜೋರಾಗಿ ಊದಿದೆ. ಮೇಲೆ ಬಂದು ನೋಡಿದರೆ ಮಾಸ್ಕ್ ಒಳಗೆ ರಕ್ತ ಬೆರೆತ ಸಿಂಬಳ. ಕಿವಿತಮಟೆಯ ಹಿಂದೆಯೂ ರಕ್ತ ಕಟ್ಟಿದೆ ಅಂದರು ಡಾಕ್ಟರ್. ವಾರಗಟ್ಟಲೆ ನೀರಿಗೆ ಇಳಿಯುವ ಹಾಗಿರಲಿಲ್ಲ, ಕೋರ್ಸ್ ಅರ್ಧಕ್ಕೇ ನಿಂತಿತು.

ಯಾಕೆ ಹೀಗಾಯಿತು ಅಂತ ಸರಿಯಾಗಿ ಹೇಳುತ್ತೇನೆ. ನೀರಿನ ಮೇಲೆ ಒತ್ತಡ 1 ಅಟ್ಮಾಸ್ಫಿಯರ್, 10 ಮೀಟರ್ ಆಳದಲ್ಲಿ 2. ಅಲ್ಲಿಗೆ ಹೋಗುವಷ್ಟರಲ್ಲೇ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. 10ರಿಂದ 20ಕ್ಕೆ ಇಳಿದರೆ ಅಷ್ಟು ಕುಗ್ಗುವುದಿಲ್ಲ. ಅದಕ್ಕೇ ಕಿವಿಗೆ ಮೊದಲ ಕೆಲವು ಮೀಟರ್‌ಗಳೇ ಕಷ್ಟ. ಮೂಗಿನ ಹಿಂಭಾಗದಿಂದ ಕಿವಿಗೆ ಒಂದು ಸಣ್ಣ ನಳಿಕೆ ಇದೆ, ಅದರಲ್ಲಿ ಗಾಳಿ ಕಳಿಸಿ ಒತ್ತಡ ಸರಿ ಮಾಡಬೇಕು. ತಡ ಮಾಡಿದರೆ ನಳಿಕೆಯ ಬಾಯಿ ಒತ್ತಡಕ್ಕೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಊದಿದಷ್ಟೂ ಪೆಟ್ಟು ಜಾಸ್ತಿ. ನೆಗಡಿಯಲ್ಲಿ ಆ ನಳಿಕೆ ಮೊದಲೇ ಬಾತುಕೊಂಡಿರುತ್ತದೆ. ಮಾತ್ರೆಯ ಪ್ರಭಾವ ನೀರಿನಡಿಯಲ್ಲೇ ಇಳಿದುಹೋದರೆ ಇನ್ನೊಂದು ಅಪಾಯ: ಮೇಲೆ ಬರುವಾಗ ಹಿಗ್ಗುವ ಗಾಳಿ ಕಿವಿಯಲ್ಲೇ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ ನೋವು ಶುರುವಾಗುವ ಮುಂಚೆಯೇ, ಅರ್ಧ ಮೀಟರ್‌ಗೊಮ್ಮೆ, ಮೂಗು ಹಿಡಿದು ಮೆಲ್ಲಗೆ ಊದಿ. ಕಾಲು ಕೆಳಗೆ ಮಾಡಿ ಇಳಿಯಿರಿ, ಕಿವಿ ಬೇಗ ಬಿಡುತ್ತದೆ. ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಆಗಲೂ ಆಗದಿದ್ದರೆ ಅವತ್ತಿನ ಡೈವ್ ಬಿಟ್ಟುಬಿಡಿ. ಯಾರು ಕಾಯುತ್ತಿದ್ದರೂ ಕಾಯಲಿ.

ಪ್ಯಾಡಿಯೋ ಎಸ್‌ಎಸ್‌ಐಯೋ, ಯಾವುದಾದರೂ ಸರಿ. ಎರಡರಲ್ಲೂ ಹೊಸಬರಿಗೆ ಸಿಗುವ ಓಪನ್ ವಾಟರ್ ಕಾರ್ಡ್ 18 ಮೀಟರ್ ಆಳದವರೆಗೇ. ಇನ್‌ಸ್ಟ್ರಕ್ಟರ್ ಯಾರು, ಒಂದು ಬ್ಯಾಚ್‌ನಲ್ಲಿ ಎಷ್ಟು ಜನ ಅಂತ ವಿಚಾರಿಸಿ. ಒಬ್ಬರ ಕಿವಿ ಕಟ್ಟಿದರೆ ಉಳಿದವರನ್ನು ಏನು ಮಾಡುತ್ತೀರಿ ಅಂತ ನೇರವಾಗಿ ಕೇಳಿ. ಉತ್ತರಕ್ಕೆ ತಡವರಿಸಿದರೆ ಬೇರೆ ಕಡೆ ನೋಡಿ. ಮೆಡಿಕಲ್ ಫಾರಂನಲ್ಲಿ ಏನೂ ಮುಚ್ಚಿಡಬೇಡಿ.

ಕೊಳ್ಳಲೇಬೇಕು ಅಂದರೆ ಮಾಸ್ಕ್ ಒಂದೇ ಸಾಕು. ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಅದು ನಿಮ್ಮ ಮುಖಕ್ಕೆ ಸರಿ. ಸಿಲಿಂಡರ್‌ನಿಂದ ಉಸಿರಾಡಲು ಗಾಳಿ ಕೊಡುವ ರೆಗ್ಯುಲೇಟರ್, ತೇಲುವುದನ್ನು ಹತೋಟಿಯಲ್ಲಿಡುವ ಗಾಳಿ ತುಂಬುವ ಜಾಕೆಟ್ (ಬಿಸಿಡಿ) ಬಾಡಿಗೆಗೆ ಸಿಗುತ್ತವೆ, ಈಗಲೇ ದುಡ್ಡು ಸುರಿಯಬೇಡಿ.