ಕೊನೆಗೌಡರ ವಯಸ್ಸಲ್ಲ, ಕೆಲಸ ನೋಡಿ

ಪ್ರಶ್ನೆ: ಅಡಿಕೆ ಮರ ಹತ್ತಿ ಕೊನೆ (ಗೊನೆ) ಕೊಯ್ಯುವ ನಮ್ಮ ಕೊನೆಗೌಡರಿಗೆ 58 ವರ್ಷ. ಮರ ಹತ್ತಿಸಲು ಭಯ. ಬಿಡಿಸಲೇ? ಕೆಳಗಿನ ಕೆಲಸ ಕೊಟ್ಟರೆ ಕೂಲಿ ಇಳಿಸಬಹುದೇ?
– ಓದುಗರು, ಹೊಸನಗರ

ಕೊಯ್ಲು ಹತ್ತಿರವಾದಾಗಲೆಲ್ಲ ಇದೇ ಪ್ರಶ್ನೆ. 58 ಎಂಬುದು ಅಪಾಯವಲ್ಲ. ಪಾಚಿ ಹಿಡಿದ ಮರ, ಸವೆದ ಹಗ್ಗ, ತಲೆಸುತ್ತು ಅಪಾಯ. 28ರ ಹುಡುಗನನ್ನೂ ಬೀಳಿಸುವುದು ಇವೇ. ಹಾಗಾಗಿ ತಪಾಸಣೆ ಮರ ಹತ್ತುವ ಎಲ್ಲರಿಗೂ ಆಗಲಿ. ಹಿರಿಯರನ್ನಷ್ಟೇ ಆಸ್ಪತ್ರೆಗೆ ಕಳಿಸುವುದು ಭೇದಭಾವ.

ಐದು ನಿಮಿಷ ಮಲಗಿಸಿ ಬಿ.ಪಿ. ನೋಡಿಸಿ, ಎದ್ದು ನಿಂತ ಒಂದನೇ, ಮೂರನೇ ನಿಮಿಷಕ್ಕೆ ಮತ್ತೆ ನೋಡಿಸಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವೈದ್ಯರು ಸರಿ ಎನ್ನುವವರೆಗೆ ಮರ ಬೇಡ. ಬಿ.ಪಿ. ಮಾತ್ರೆ ಹೊಸದಾಗಿ ಶುರುವಾಗಿದ್ದರೆ ಎರಡು ವಾರ ಕಾಯುವುದೇ ಒಳ್ಳೆಯದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ತಿಂಡಿ ತಿನ್ನದೆ ಹತ್ತಲೇಬಾರದು. ಸಕ್ಕರೆ 70ಕ್ಕಿಂತ ಇಳಿದರೆ ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ಕಣ್ಣಿನ ಪೊರೆ, ತಲೆಯ ಮೇಲೆ ಎತ್ತಲಾಗದ ತೋಳು, ಇವನ್ನೂ ಕೇಳಿ.

ಎಲ್ಲ ಕೆಲಸವನ್ನೂ ಒಟ್ಟಿಗೆ ಕಿತ್ತುಕೊಳ್ಳಬೇಡಿ. ಕೊಯ್ಲಿಗಿಂತ, ಕೊಳೆರೋಗಕ್ಕೆ ಮರ ಹತ್ತಿ ಔಷಧಿ ಹೊಡೆಯುವ ಎರಡನೇ ಸುತ್ತು ಹೆಚ್ಚು ಅಪಾಯ. ಮಳೆಗೆ ಮುಂಚೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದು 40–45 ದಿನಕ್ಕೆ ಮತ್ತೆ ಹೊಡೆಯುವಾಗ ಜಡಿಮಳೆ, ಮರವೆಲ್ಲ ಜಾರು. ಮೊದಲು ಬಿಡಿಸಬೇಕಾದದ್ದು ಆ ಸುತ್ತನ್ನು. ಕೊಯ್ಲಿನಲ್ಲಿ ಮರ ಒಣಗಿದ ಮೇಲೆ ಹತ್ತಲಿ, ಸೊಂಟಕ್ಕೆ ಸುರಕ್ಷತಾ ಪಟ್ಟಿ ಇರಲಿ. ಮರದಿಂದ ಮರಕ್ಕೆ ದಾಟುವುದು ಯಾವ ವಯಸ್ಸಿನವರಿಗೂ ಬೇಡ.

ಇನ್ನು ದೋಟಿ, ಅಂದರೆ ಕೆಳಗೆ ನಿಂತೇ ಕೊನೆ ಕೊಯ್ಯುವ ಉದ್ದ ಕೋಲು. ಕೆಳಗೆ ನಿಂತ ಕೆಲಸ ಹಗುರ ಎಂದು ಯಾರು ಹೇಳಿದರು? ದಿನವಿಡೀ ಕತ್ತು ಹಿಂದಕ್ಕೆ ಬಾಗಿರುತ್ತದೆ, ಭಾರವೆಲ್ಲ ಭುಜಕ್ಕೆ. ಅರ್ಧ ಗಂಟೆಗೊಮ್ಮೆ ದೋಟಿ ಬೇರೆಯವರ ಕೈಗೆ ಹೋಗಲಿ. ದೋಟಿ ಕಾರ್ಬನ್ ಫೈಬರ್‌ನದಾದರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ತಂತಿ ಹಾದಿದ್ದರೆ ಆ ಸಾಲಿಗೆ ದೋಟಿ ಎತ್ತಲೇಬೇಡಿ.

ಕೂಲಿ ಇಳಿಸಬೇಡಿ. ಯಾವ ಕೊನೆ ಹದಕ್ಕೆ ಬಂದಿದೆ, ಯಾವ ಮರ ಟೊಳ್ಳು ಎಂದು ನಿಂತಲ್ಲೇ ಹೇಳುವವರು ಅವರು. ಕೆಲಸ ಬದಲಿಸುವುದಿದ್ದರೆ ಅವರೊಂದಿಗೇ ಕೂತು ಮಾತಾಡಿ, ಅದೂ ಕೊಯ್ಲಿಗೆ ಮೊದಲು.

ಪ್ರಶ್ನೆ: 'ಬಿದ್ದರೆ ಮಾಲೀಕರು ಹೊಣೆಯಲ್ಲ' ಎಂದು ಛಾಪಾ ಕಾಗದದಲ್ಲಿ ಬರೆಸಿಕೊಳ್ಳಬಹುದೇ?

ಪರಿಹಾರದ ಹಕ್ಕು ಬಿಟ್ಟುಕೊಡುವ ಕರಾರಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಆ ದುಡ್ಡಿಗೆ ಹಗ್ಗ ತನ್ನಿ.

ಪ್ರಶ್ನೆ: ಕೊಯ್ಲಿಗೆ ಮುಂಚೆ 'ಶಕ್ತಿ ಇಂಜೆಕ್ಷನ್' ಹಾಕಿಸಬಹುದೇ?

ಬೇಡ. ಚುಚ್ಚಿಸಿದವರು ನೋವು ಮರೆತು ಸುಸ್ತಾದರೂ ಹತ್ತುತ್ತಾರೆ. ಅದರಲ್ಲಿ ಏನಿದೆ ಎಂದು ಬರೆದುಕೊಡದವರು ವೈದ್ಯರೇ ಅಲ್ಲ. ದಿನವೂ ನೋವಿನ ಮಾತ್ರೆ ನುಂಗುವುದೂ ಅಷ್ಟೇ ಕೆಟ್ಟದ್ದು: ಬಿ.ಪಿ. ಏರುತ್ತದೆ, ಮೂತ್ರಪಿಂಡ ಕೆಡುತ್ತದೆ.

ಪ್ರಶ್ನೆ: ಅಡಿಕೆ ಸುಲಿಯುವ ಅಜ್ಜಿ ನಿಧಾನ. ಬೇರೆಯವರನ್ನು ಕರೆಯಲೇ?

ಕೆ.ಜಿ. ಲೆಕ್ಕದಲ್ಲಿ ಕೂಲಿ ಕೊಡುವವರಿಗೆ ಅವರು ನಿಧಾನವಾದರೆ ನಷ್ಟವೇನು? ಸುಲಿಯುವ ಮೆಟ್ಟುಗತ್ತಿಯ ಮೇಲೆ ಬೆಳಕು ಬೀಳುವಂತೆ ಒಂದು ದೀಪ ಹಾಕಿ, ಬೆನ್ನಿಗೆ ಒರಗು ಕೊಡಿ.