ಪ್ಯಾರಾಚೂಟ್ ದೊಡ್ಡದು ಮಾಡಿದರೆ ಪಿಎಸ್‌ಎಲ್‌ವಿ ವಾಪಸ್ ಬರುತ್ತಾ?

ಶರಣು ತಮ್ಮಾ. ಸೇಡಂನಿಂದ ನೀನು ಕೇಳಿದ್ದು ಎರಡು ಮಾತು. ನಮ್ಮ ಬಾಟಲಿ ರಾಕೆಟ್‌ಗೆ ಕಟ್ಟುವ ಪ್ಯಾರಾಚೂಟನ್ನೇ ದೊಡ್ಡದು ಮಾಡಿ ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟನ್ನು ಯಾಕೆ ಇಳಿಸಬಾರದು ಅಂತ ಒಂದು. ಕಾಲೇಜ್ ಪ್ರಾಜೆಕ್ಟ್‌ಗೆ ಕಾಲೂರಿ ನಿಲ್ಲುವ ರಾಕೆಟ್ ಮಾಡಬಹುದಾ ಅಂತ ಇನ್ನೊಂದು.

ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲಿ, ಅಂದರೆ ಮೊದಲು ಉರಿದು ಕಳಚಿಕೊಳ್ಳುವ ಕೆಳಭಾಗದಲ್ಲಿ, ಇರುವುದು ಘನ ಇಂಧನ. ದೀಪಾವಳಿ ರಾಕೆಟ್ ಹಾಗೆ ಒಮ್ಮೆ ಹೊತ್ತಿತು ಅಂದರೆ ಮುಗೀತು. ನಡುವೆ ಆರಿಸೋಕೂ ಬರಲ್ಲ, ಇಳಿಯುವಾಗ ಮತ್ತೆ ಹಚ್ಚೋಕೂ ಬರಲ್ಲ. ಇನ್ನು ಪ್ಯಾರಾಚೂಟ್. 2010ರಲ್ಲಿ ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯವರು ತಮ್ಮ ಫಾಲ್ಕನ್ 9 ರಾಕೆಟ್‌ನ ಮೊದಲ ಹಾರಾಟಗಳಲ್ಲಿ ಇದನ್ನೇ ಮಾಡಿ ನೋಡಿದ್ದರು. ಗಂಟೆಗೆ ಸಾವಿರಾರು ಕಿ.ಮೀ. ವೇಗದಲ್ಲಿ ದಟ್ಟ ಗಾಳಿಗೆ ಬಂದು ಬಡಿದ ಹಂತ ಅಲ್ಲೇ ಚೂರಾಯಿತು. ಪ್ಯಾರಾಚೂಟ್ ಬಿಚ್ಚುವ ಹೊತ್ತೇ ಬರಲಿಲ್ಲ.

ಆಮೇಲೆ ಅವರು ಎಂಜಿನ್ ಹಚ್ಚಿ ವೇಗ ಮುರಿಯುವ ದಾರಿ ಹಿಡಿದರು. ಏರುವಾಗ ಒಂಬತ್ತು ಎಂಜಿನ್ ಉರಿಯುತ್ತವೆ. ನೆಲ ಮುಟ್ಟುವಾಗ ಸಾಮಾನ್ಯವಾಗಿ ನಡುವಿನದು ಒಂದೇ. ಆ ಒಂದಕ್ಕೇ ಸುಮಾರು 86 ಟನ್ ಎತ್ತುವ ಬಲ ಇದೆ. ಎಷ್ಟು ತಗ್ಗಿಸಿದರೂ ಖಾಲಿಯಾದ ಹಂತದ ತೂಕಕ್ಕಿಂತ ಜಾಸ್ತಿಯೇ. ಹಾಗಾಗಿ ಗಾಳಿಯಲ್ಲಿ ನಿಂತು, ಜಾಗ ನೋಡಿಕೊಂಡು ಇಳಿಯೋಕೆ ಆಗಲ್ಲ. ವೇಗ ಸೊನ್ನೆಯಾಗುವ ಗಳಿಗೆಯಲ್ಲೇ ಕಾಲು ನೆಲಕ್ಕೆ ತಾಗಬೇಕು. ಬೇಗ ಹಚ್ಚಿದರೆ ಮತ್ತೆ ಮೇಲೇಳುತ್ತದೆ, ತಡವಾದರೆ ಬಡಿಯುತ್ತದೆ. ಒಂದೇ ದೊಡ್ಡ ಎಂಜಿನ್ ಇದ್ದಿದ್ದರೆ ಈ ಲೆಕ್ಕ ಕೂಡುತ್ತಲೇ ಇರಲಿಲ್ಲ. 2015ರ ಡಿಸೆಂಬರ್‌ನಲ್ಲಿ ಫಾಲ್ಕನ್ 9 ಮೊದಲ ಸಲ ಹೀಗೆ ನಿಂತದ್ದು ಕಾಲಿನಿಂದಲ್ಲ, ಎಂಜಿನ್ ಆಯ್ದುಕೊಂಡ ರೀತಿಯಿಂದ. ಅದಕ್ಕೆ ಬೆಲೆಯೂ ಇದೆ. ಇಳಿಯೋಕೆ ಇಂಧನ ಉಳಿಸಬೇಕಲ್ವಾ? ಭೂಸ್ಥಿರ ಕಕ್ಷೆಯ ಕಡೆಗೆ 8.3 ಟನ್ ಒಯ್ಯುವ ರಾಕೆಟ್, ವಾಪಸ್ ಬರೋದಾದರೆ ಸುಮಾರು 5.5 ಟನ್ ಒಯ್ಯುತ್ತದೆ.

ರೆಕ್ಕೆಯ ದಾರಿಯೂ ಇದೆ. ಇಸ್ರೋದ ರೆಕ್ಕೆಯ ವಾಹನ ಪುಷ್ಪಕ್ 2023–24ರಲ್ಲಿ ನಮ್ಮ ಚಳ್ಳಕೆರೆ ಹತ್ತಿರ ಮೂರು ಸಲ ತಾನಾಗಿಯೇ ರನ್‌ವೇ ಮೇಲೆ ಇಳಿಯಿತು.

ಆದರೆ ಇಳಿಯೋದು ಅರ್ಧ ಕೆಲಸ ಅಷ್ಟೇ. ಅಮೆರಿಕದ ರೆಕ್ಕೆಯ ಸ್ಪೇಸ್ ಶಟಲ್ ಕೂಡ ಚೆಂದ ಇಳಿಯುತ್ತಿತ್ತು. ಮೈಮೇಲಿನ, ಬಿಸಿ ತಡೆಯುವ ಸುಮಾರು 24,000 ಟೈಲ್ಸ್ ಪರೀಕ್ಷಿಸಿ, ಎಂಜಿನ್ ಬಿಚ್ಚಿ ನೋಡಿ ಮತ್ತೆ ಹಾರಿಸುವಷ್ಟರಲ್ಲಿ ತಿಂಗಳುಗಟ್ಟಲೆ ಹೋಗುತ್ತಿತ್ತು. ಇಸ್ರೋ ತನ್ನ ಮುಂದಿನ ತಲೆಮಾರಿನ ರಾಕೆಟ್ ಎನ್‌ಜಿಎಲ್‌ವಿಗೆ ಮೀಥೇನ್ ಇಂಧನ ಆಯ್ದುಕೊಂಡದ್ದು ನನಗೆ ಖುಷಿ ಕೊಟ್ಟಿದ್ದು ಇದಕ್ಕೇ. ಅದು ಎಂಜಿನ್‌ನಲ್ಲಿ ಸೀಮೆಎಣ್ಣೆಯಷ್ಟು ಮಸಿ ಕಟ್ಟಲ್ಲ.

ನಿಮ್ಮ ಪ್ರಾಜೆಕ್ಟ್‌ಗೆ ನೀರಿನ ರಾಕೆಟ್, ಪ್ಯಾರಾಚೂಟ್ ಸಾಕು. ಸೋಡಾ ತುಂಬಿ ಬರುವ ಬಾಟಲಿಯೇ ಬೇಕು, ನೀರಿನ ಬಾಟಲಿ ಒತ್ತಡ ತಡೆಯಲ್ಲ. ಮೂರನೇ ಒಂದು ಭಾಗ ನೀರು ಹಾಕಿ. ಪ್ಯಾರಾಚೂಟ್ ನಡುವೆ ಸಣ್ಣ ತೂತು ಇಟ್ಟರೆ ಓಲಾಟ ಕಡಿಮೆ. ಮಡಚುವ ಮುಂಚೆ ಮುಖದ ಪೌಡರ್ ಉದುರಿಸಿ, ಪ್ಲಾಸ್ಟಿಕ್ ಅಂಟಿಕೊಳ್ಳಲ್ಲ. ತೊಗರಿ ಕಟಾವಾದ ಹೊಲದಲ್ಲಿ ಜಾಗ ಧಾರಾಳ, ಆದರೆ ಕೂಳೆ ಚೂಪು, ಬಾಟಲಿಗೆ ಗೀರು ಬೀಳುತ್ತದೆ. ಪ್ರತಿ ಸಲ ಬಿಸಿಲಿಗೆ ಹಿಡಿದು ನೋಡಿ. ಗೀರು ಅಥವಾ ಬೆಳ್ಳಗಿನ ಮಡಿಕೆ ಕಂಡರೆ ಎಸೆದುಬಿಡಿ, ಗಾಳಿ ತುಂಬುವಾಗಲೇ ಸಿಡಿಯಬಹುದು. ಪಂಪ್ ಹೊಡೆಯುವವರು ದೂರ ನಿಂತು ಉದ್ದದ ಪೈಪ್ ಬಳಸಲಿ, ಕಣ್ಣಿಗೆ ಕನ್ನಡಕ ಇರಲಿ. ಒಂದೇ ಬಾಟಲಿ ಎಷ್ಟು ಸಲ ಹಾರಿತು, ನಡುವೆ ಏನು ಬದಲಿಸಿದಿರಿ ಅನ್ನೋದನ್ನು ಬರೆದಿಡಿ. ಸುಮ್ನೆ ಕಾಲು ಅಂಟಿಸಿದ ಮಾದರಿಗಿಂತ ಪರೀಕ್ಷಕರ ಮುಂದೆ ಆ ಪಟ್ಟಿ ಇಡಿ.