ಆರುನೂರು ವರ್ಷದ ಹಿಂದಿನ ನಾಟಕದಲ್ಲಿ ಏನಿದೆ?

‘ಮಗಳು ಇಂಗ್ಲಿಷ್ ಎಂ.ಎ. ಮುಗಿಸಿದ್ದಾಳೆ. ಶೇಕ್ಸ್‌ಪಿಯರ್‌ಗೂ ಹಿಂದಿನ ಇಂಗ್ಲಿಷ್ ನಾಟಕಗಳ ಮೇಲೆ ಪಿಎಚ್.ಡಿ. ಮಾಡಿ, ಮುಂದೆ ಅದನ್ನೇ ಪಾಠ ಮಾಡ್ತೀನಿ ಅಂತಾಳೆ. ಜೀವನಪೂರ್ತಿ ಮಾಡುವಷ್ಟು ಕೆಲಸ ಅದರಲ್ಲಿ ಏನಿದೆ?’
– ಓದುಗರೊಬ್ಬರು, ಶಿವಮೊಗ್ಗ

ಇದೆ ಸರ್, ಒಬ್ಬರ ಆಯುಷ್ಯ ಸಾಲದಷ್ಟಿದೆ.

ಇಂಗ್ಲೆಂಡಿನ ಯಾರ್ಕ್ ಊರನ್ನೇ ತಗೊಳ್ಳಿ. ಕಾರ್ಪಸ್ ಕ್ರಿಸ್ಟಿ ಅನ್ನುವ ಕ್ರೈಸ್ತರ ಹಬ್ಬಕ್ಕೆ ಅಲ್ಲಿ ಸೃಷ್ಟಿಯಿಂದ ಕಡೇ ತೀರ್ಪಿನವರೆಗಿನ ಬೈಬಲ್ ಕತೆಯನ್ನು ಸಣ್ಣ ಸಣ್ಣ ಆಟಗಳಾಗಿ ಆಡುತ್ತಿದ್ದರು. ಒಂದೊಂದು ಕಸುಬಿನವರಿಗೆ ಒಂದೊಂದು ಆಟ. ನೋಹನ ಹಡಗಿನ ಆಟ ಹಡಗು ಕಟ್ಟುವವರದ್ದು, ಯೇಸುವಿನ ಕಡೇ ಊಟ ರೊಟ್ಟಿ ಸುಡುವವರದ್ದು. ಗಾಲಿಯ ಮೇಲಿನ ರಂಗವನ್ನು ತೇರಿನ ಹಾಗೆ ಎಳೆದುಕೊಂಡು ಹೋಗಿ, ನಿಂತಲ್ಲೆಲ್ಲ ಆಡುವುದು. 1569ರ ನಂತರ ಅದು ನಿಂತುಹೋಯಿತು. ಮಾತುಗಳೇನೋ ಉಳಿದವು. ಆಡಿದ್ದು ಹೇಗೆ?

ಟೊರಾಂಟೊ ವಿಶ್ವವಿದ್ಯಾಲಯದ ಅಧ್ಯಾಪಕಿಯಾಗಿದ್ದ ಅಲೆಕ್ಸಾಂಡ್ರಾ ಜಾನ್‌ಸ್ಟನ್ ಅವರಿಗೆ, ಯಾರ್ಕಿನ ಜವಳಿ ವರ್ತಕರು ತಮ್ಮ ಆಟಕ್ಕೆ ಇಟ್ಟುಕೊಂಡಿದ್ದ ಸಾಮಾನಿನ 1433ರ ಒಂದು ಪಟ್ಟಿ ಸಿಕ್ಕಿತು. ನಾಲ್ಕು ಚಕ್ರದ ಗಾಡಿ. ನರಕದ ಬಾಯಿ. ದೇವರು ಕೂತು ಸ್ವರ್ಗಕ್ಕೆ ಏರಲು ಕಬ್ಬಿಣದ ಆಸನ. ಕೆಂಪು ಬಣ್ಣ ಬಳಿದ ಒಂಬತ್ತು ಪುಟ್ಟ ದೇವದೂತರು, ಅವರು ಓಡಾಡುವಂತೆ ಮಾಡಲು ಒಂದು ಉದ್ದನೆಯ ಸಣ್ಣ ಹಗ್ಗ. ಆ ಹಗ್ಗದ ಸಾಲು ಓದಿದಾಗ ನನಗೆ ಮೈ ಜುಂ ಅಂದಿತ್ತು. ಅದನ್ನು ಎಳೆಯುತ್ತ ಯಾರೋ ಒಬ್ಬ ಒಳಗೆ ಬಗ್ಗಿ ಕೂತಿದ್ದ, ಅಲ್ವಾ?

ಜಾನ್‌ಸ್ಟನ್ ಅಷ್ಟಕ್ಕೇ ಬಿಡಲಿಲ್ಲ. ಊರೂರಿನ ಲೆಕ್ಕದ ಪುಸ್ತಕ, ಚರ್ಚಿನ ಕಡತಗಳಿಂದ 1642ರವರೆಗಿನ ಆಟಪಾಟದ ದಾಖಲೆಗಳನ್ನೆಲ್ಲ ಹೆಕ್ಕುವ ಯೋಜನೆಯೊಂದನ್ನು ಕಟ್ಟಿದರು. ಯಾರ್ಕಿನ ಸಂಪುಟ ಬಂದದ್ದು 1979ರಲ್ಲಿ. ಇಂಥ ಕೆಲಸಕ್ಕೆ ಲ್ಯಾಟಿನ್ ಬೇಕು, ಹಳೇ ಕೈಬರಹ ಓದಲು ಬರಬೇಕು, ತಾಳ್ಮೆ ಜಾಸ್ತಿ ಬೇಕು. ಹುದ್ದೆಗಳು ಕಡಿಮೆ, ಅದನ್ನು ಮಗಳಿಗೆ ಈಗಲೇ ಹೇಳಿಬಿಡಿ.

ಪಾಠದ ವಿಷಯಕ್ಕೆ ಬಂದರೆ, ಸುಮ್ನೆ ಕೂತು ಓದಿದರೆ ಈ ನಾಟಕಗಳು ತೆರೆದುಕೊಳ್ಳುವುದಿಲ್ಲ. ಯೇಸುವನ್ನು ಶಿಲುಬೆಗೇರಿಸುವ ಆಟ ಮೊಳೆ ಮಾಡುವವರದ್ದು. ನಾಲ್ವರು ಸಿಪಾಯಿಗಳು. ಶಿಲುಬೆಯಲ್ಲಿ ಮೊಳೆಯ ತೂತು ದೂರ ಕೊರೆದುಬಿಟ್ಟಿದ್ದಾರೆ, ಯೇಸುವಿನ ಕೈ ಅಲ್ಲಿಗೆ ಎಟುಕುವುದಿಲ್ಲ. ಹಗ್ಗ ಕಟ್ಟಿ ಎಳೆಯುತ್ತಾರೆ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ, ಭಾರಕ್ಕೆ ಏದುಸಿರು ಬಿಡುತ್ತಾರೆ. ಎಲ್ಲರಿಗೂ ತಮ್ಮ ಕೆಲಸದ್ದೇ ಚಿಂತೆ. ಮಲಗಿದವನ ಕಡೆ ಯಾರೂ ನೋಡುವುದಿಲ್ಲ. ಶಿಲುಬೆ ಮೇಲೆದ್ದ ಮೇಲೆ ಅವನು ಬೀದಿಯಲ್ಲಿ ಹೋಗುವವರನ್ನು ಕರೆದು ಮಾತಾಡುತ್ತಾನೆ. ಅಲ್ಲಿಯತನಕ ಸಿಪಾಯಿಗಳ ಜಗಳ ನೋಡುತ್ತ ನಿಂತಿದ್ದವರು ನಾವೇ. ತರಗತಿಯಲ್ಲಿ ನಾಲ್ಕು ಮಕ್ಕಳು ನಿಜವಾಗಿ ಒಂದು ಹಲಗೆ ಎತ್ತಿ ಆಡಿದರೆ ಇದು ಮೈಗೇ ಗೊತ್ತಾಗುತ್ತದೆ.

ಒಂದು ಸಂಜೆ ಮಗಳನ್ನು ಕೂರಿಸಿ ಆ ಆಟ ಓದಿಸಿ, ಅರ್ಥ ಹೇಳಿಸಿಕೊಳ್ಳಿ. ಒಬ್ಬ ಸಿಪಾಯಿಯ ಮಾತು ನೀವೇ ಓದಿ.

– ಸಂ.